ಎರಡನೇ ಸಲ ಹುಟ್ಟಿದ ಅಣ್ಣ

ನಮ್ಮಪ್ಪ ತನ್ನ ಹಿರಿಮಗನ ತಿಥಿ ಮಾಡಿ ಊರಿಗೆಲ್ಲ ಊಟ ಹಾಕಿಸಿದಾಗ, ಆ ಮಗ ಅರಕಲಗೂಡಿನ ಕಡೆ ಹಾಯಾಗಿ ಹಲ್ಲುಪುಡಿ ಮಾರಿಕೊಂಡಿದ್ದ. ಇದು ಐವತ್ತರ ದಶಕದ ಕೊನೆಯ ಮಾತು. ಚನ್ನರಾಯಪಟ್ಟಣದಲ್ಲಿ ಅಪ್ಪನದು ದೊಡ್ಡ ಕೊಬ್ಬರಿ ಮಂಡಿ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಅಂದರೆ ಒಣಗಿದೆ, ಇಲ್ಲದಿದ್ದರೆ ಅಟ್ಟದ ಮೇಲೇ ಇರಲಿ ಎಂದು ಹೇಳಿಬಿಡುತ್ತಿದ್ದ. ಅವನ ಮಾತಿಗೆ ಎದುರಾಡುವವರಿರಲಿಲ್ಲ.

ಅಣ್ಣ ಓಡಿಹೋದಾಗ ನನಗೆ ನಾಲ್ಕೈದು ವರ್ಷ. ಮಂಡಿಗೆ ಬಂದ ಗಿರಾಕಿಗಳನ್ನು ಅಣಕಿಸಿದನೆಂದು ಅಪ್ಪ ಎಲ್ಲರೆದುರು ಕೆನ್ನೆಗೆ ಬಾರಿಸಿದ್ದನಂತೆ. ಆಮೇಲೆ ಮನೆಯಲ್ಲಿ ಅವನ ಹೆಸರೆತ್ತುವ ಹಾಗಿರಲಿಲ್ಲ. ಹನ್ನೆರಡು ವರ್ಷ ಸುಳಿವಿಲ್ಲದವನು ಸತ್ತಂತೆಯೇ ಎಂದು ಜೋಯಿಸರು ಹೇಳಿದರು. ಹೊಳೆನರಸೀಪುರದಲ್ಲಿ ಹೊಳೆದಂಡೆಯ ಮೇಲೆ ದರ್ಭೆಯಿಂದ ಆಳಿನ ಗೊಂಬೆ ಮಾಡಿಸಿ, ಅಪ್ಪನ ಕೈಯಿಂದಲೇ ಕೊಳ್ಳಿ ಇಡಿಸಿದರು. ಅವ್ವ ಹೋಗಲಿಲ್ಲ. "ಉಲ್ಲು ಸುಟ್ರೆ ನನ್ ಮಗ ಸಾಯಾಕಿಲ್ಲ" ಎಂದು ರಾಗಿ ಬೀಸುತ್ತ ಕೂತಳು.

ಮಾರನೇ ವರ್ಷ ನಾನೂ ಅಪ್ಪನೂ ಅರಕಲಗೂಡಿನಲ್ಲಿ ಒಂದು ಮದುವೆ ಮುಗಿಸಿ ಬರುವಾಗ ನಮ್ಮ ಕಾರು ಸಂತೆಯ ಜನದ ನಡುವೆ ಸಿಕ್ಕಿಕೊಂಡಿತು. ಆಗ ಹೊರಗಿನಿಂದ ಅಪ್ಪನ ದನಿ ಕೇಳಿಸಿತು. ಅಪ್ಪ ನನ್ನ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದ.

"ಅಲ್ಲಾಡ್ಸು, ಕಿವಿ ತಾವ ಇಟ್ಕೊ. ಗಡಗಡ ಅಂತಾ? ಕೊಬ್ರಿ ಅಲ್ಲಾಡುದ್ರೆ ಕಾಸು ಕಣ್ಲಾ. ಅಲ್ಲು ಅಲ್ಲಾಡುದ್ರೆ ನಿನ್ ಗತಿ ಏನ್ಲಾ? ತಕ, ಅಲ್ಲುಪುಡಿ ತಕ."

ಅಪ್ಪ ಗಂಟಲು ಕೆರೆಯುವ ರೀತಿ, ಮಾತಿನ ಕೊನೆಗೆ ಹೆಗಲ ಟವಲ್ಲು ಕೊಡವುವ ರೀತಿ, ಯಾವುದನ್ನೂ ಆ ಪುಡಿ ಮಾರುವವನು ಬಿಟ್ಟಿರಲಿಲ್ಲ. ಜನ ಬಿದ್ದು ಬಿದ್ದು ನಗುತ್ತಿದ್ದರು. ನಮ್ಮ ಡ್ರೈವರನೂ ನಕ್ಕ, ಆಮೇಲೆ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿ ಸುಮ್ಮನಾದ. ಅಪ್ಪ ಇಳಿದು ಗುಂಪಿನೊಳಗೆ ಹೋದ. ಹೆಗಲವರೆಗೆ ಕೂದಲು ಬಿಟ್ಟು, ಕಣ್ಣಿಗೆ ಕಾಡಿಗೆ ಹಚ್ಚಿದ್ದ ಆ ಮನುಷ್ಯ ಕಾಯನ್ನು ಕಿವಿಯ ಹತ್ತಿರ ಹಿಡಿದಿದ್ದವನು ಹಾಗೇ ನಿಂತುಬಿಟ್ಟ. ಅಪ್ಪ ಹತ್ತಿರ ಹೋಗಿ ಅವನ ಮುಖ ನೋಡಿದ.

"ಅತ್ತಲಾ ಕಾರು" ಎಂದ, ಅಷ್ಟೇ.

ಮನೆಗೆ ಬಂದರೆ, ಜಗಲಿಯಲ್ಲಿ ಕೂತಿದ್ದ ಜೋಯಿಸರು ಅಣ್ಣನನ್ನು ಬಾಗಿಲಲ್ಲೇ ತಡೆದರು. "ಶಾಸ್ತ್ರದ ಪ್ರಕಾರ ಇವನು ಈಗ ಇಲ್ಲ, ಯಜಮಾನ್ರೇ. ಮತ್ತೆ ಹುಟ್ಟಿಸ್ಕೋಬೇಕು. ಜಾತಕರ್ಮ, ನಾಮಕರಣ, ಎಲ್ಲಾ ಆಗ್ಬೇಕು." ಮುಹೂರ್ತ ಬರುವ ತನಕ ಅಣ್ಣ ಕಾಯಿ ತುಂಬಿದ ಕೊಟ್ಟಿಗೆಯಲ್ಲಿದ್ದ. ಅವ್ವ ಅಲ್ಲಿಗೇ ಎಲೆ ಒಯ್ದು ಬಡಿಸಿ, ಎದುರಿಗೆ ಕೂತು, ಅವನು ನುಂಗುವ ಒಂದೊಂದು ತುತ್ತನ್ನೂ ನೋಡುತ್ತಿದ್ದಳು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ಅಪ್ಪ ಜಗಲಿಯಿಂದ ಮಂಡಿಗೆ, ಮಂಡಿಯಿಂದ ಜಗಲಿಗೆ ಸುತ್ತುತ್ತಿದ್ದ. ಹಾಸನದ ವಕೀಲರ ಮನೆಯವರು ನನ್ನನ್ನು ಹೆಣ್ಣು ನೋಡಲು ಬರುವವರಿದ್ದರು. ಸಂತೆಯ ಹಲ್ಲುಪುಡಿಯವನನ್ನು ಅವರೆದುರು ಮಗ ಅನ್ನುವುದು ಹೇಗೆ? ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದ: ಹೇಗೂ ಹೊಸದಾಗಿ ಹುಟ್ಟುತ್ತಾನಲ್ಲ, ಹೆಸರೂ ಹೊಸದಿರಲಿ. ಅಜ್ಜನ ಹೆಸರಿಟ್ಟು, ಕೂದಲು ಕತ್ತರಿಸಿ, ಬೊಂಬಾಯಿಯಲ್ಲಿ ವ್ಯಾಪಾರಕ್ಕಿದ್ದ ಎಂದರಾಯಿತು. ಬಂದವರೆದುರು ಬಾಯಿ ಮಾತ್ರ ಬಿಡಕೂಡದು.

"ಆಗ್ಲಿ ಕಣಪ್ಪ" ಎಂದ ಅಣ್ಣ. ಅಷ್ಟು ಸುಲಭಕ್ಕೆ ಒಪ್ಪಿದ್ದೇ ನನಗೆ ಸರಿಕಾಣಲಿಲ್ಲ. ಕೊಟ್ಟಿಗೆಗೆ ಹೋಗಿ ನೋಡಿದರೆ ಅವನ ಪುಡಿಯ ಟ್ರಂಕಿಗೆ ಹಗ್ಗ ಬಿಗಿದಾಗಿತ್ತು.

"ಓಗ್ಬುಡ್ತೀಯಾ ಅಣ್ಣ?"

"ಬ್ಯಾರೆ ಎಸರಿಟ್ರೆ ಅವ್ನು ಬ್ಯಾರೆ ಮಗ ಕಣವ್ವ. ಅವ್ನೇ ಇರ್ಲಿ ಬುಡು. ನಾನ್ಯಾಕೆ?"

ಇದನ್ನು ಹಾಗೇ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಒಂದು ಕಾಯಿ ತಗೊಂಡು ಕಿವಿಯ ಹತ್ತಿರ ಅಲ್ಲಾಡಿಸಿದ, ಕೆಳಗಿಟ್ಟ, ಮತ್ತೆ ಅದೇ ಕಾಯಿ ತಗೊಂಡ. ನನಗೆ ಅವನ ಮೇಲೆ ಸಿಟ್ಟು ಉಕ್ಕಿ ಬಂತು. ಇಷ್ಟು ಆಸ್ತಿ ಇದ್ದವನಿಗೆ ಒಂದು ಹೆಸರು ಕೊಡಲು ಇಷ್ಟು ಸಂಕಟವೇ?

ನಾಮಕರಣದ ದಿನ ನಡುಮನೆ ತುಂಬ ಜನ. ಮುಂದೆ ನನ್ನ ಮಾವನಾದ ಹಾಸನದ ವಕೀಲರೂ ಕುರ್ಚಿಯ ಮೇಲೆ ಕೂತಿದ್ದರು. ಮೀಸೆ ಹೊತ್ತ ಕೂಸು ಅವ್ವನ ಮಡಿಲಲ್ಲಿ ತಲೆಯಿಟ್ಟು, ಕಾಲು ಎಲ್ಲಿಡಬೇಕೆಂದು ತಿಳಿಯದೆ ಮುದುಡಿ ಮಲಗಿತ್ತು. ನಾನು ಹುಟ್ಟಿದಾಗ ತೂಗಿದ್ದ ತೊಟ್ಟಿಲನ್ನು ಅಟ್ಟದಿಂದ ಇಳಿಸಿದ್ದರು. ಜೋಯಿಸರು ಅದನ್ನು ಅವನ ಕೈಯಲ್ಲಿ ಮುಟ್ಟಿಸಿದರು. ಯಾರೋ ಹೆಂಗಸರು ಸೆರಗಿನೊಳಗೆ ನಕ್ಕರು. ನಾನು ಹಿತ್ತಲ ಬಾಗಿಲಿಗೆ ಅಡ್ಡವಾಗಿ ನಿಂತಿದ್ದೆ. ಟ್ರಂಕು ಆ ಕಡೆಯೇ ಇತ್ತು.

"ಬಲಗಿವೀಲಿ ಮೂರು ಸಲ ಹೆಸರು ಹೇಳಿ" ಎಂದರು ಜೋಯಿಸರು.

ಅಪ್ಪ ಬಗ್ಗಿದ. ಬಾಯಿ ತೆರೆದ, ಮುಚ್ಚಿದ, ಟವಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಅವನು ಹೇಳಿದ. ಪಿಸುಗುಡಲಿಲ್ಲ, ಮಂಡಿಯಲ್ಲಿ ದರ ಕೂಗುವ ದನಿಯಲ್ಲೇ, ವಕೀಲರಿಗೂ ಬೀದಿಯವರಿಗೂ ಕೇಳಿಸುವ ಹಾಗೆ, ಮನೆಯಲ್ಲಿ ಯಾರೂ ಎತ್ತಬಾರದೆಂದಿದ್ದ ಅದೇ ಹಳೇ ಹೆಸರನ್ನು ಮೂರು ಸಲ ಹೇಳಿದ.

ಸಂತೆಯನ್ನೇ ನಗಿಸುತ್ತಿದ್ದ ಅಣ್ಣ ಅವ್ವನ ಸೀರೆಯಲ್ಲಿ ಮುಖ ಹುದುಗಿಸಿ ಗೊಳೋ ಎಂದು ಅತ್ತುಬಿಟ್ಟ. ಅಪ್ಪ ಗಾಬರಿಯಾಗಿ ಅವನ ಭುಜ ಹಿಡಿದು, ಜನ ನೋಡ್ತಾವ್ರೆ ಸುಮ್ಕಿರ್ಲಾ ಎಂದು ಎಬ್ಬಿಸಲು ಹೋದ.

ಅವ್ವ ಆ ಕೈಯನ್ನು ತಳ್ಳಿದಳು. "ಅಳ್ಲಿ ಬುಡಿ" ಎಂದಳು. "ಈಗ್ತಾನೆ ಉಟ್ಟವ್ನೆ."