ಮನೆಯ ಜೊತೆ ಬಂದ ನೀಲವ್ವ

ನೀಲವ್ವನ ಮುಖ ಕಾಣುವ ಮೊದಲೇ ನಾವು ಅವಳಿಂದ ಬೈಸಿಕೊಂಡಿದ್ದೆವು. ಬೈಲಹೊಂಗಲದ ಹಳೆಯ ಮನೆಯೊಂದನ್ನು ಕೊಂಡು ಬಂದ ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಶಾಂತಾ ಒಗ್ಗರಣೆ ಹಾಕುತ್ತಿದ್ದಾಗ ಅಡುಗೆಮನೆಯ ಗೋಡೆಯೇ ಮಾತಾಡಿತು: "ಸಾಸಿವಿ ಸುಡಬ್ಯಾಡ ತಂಗಿ, ಓಣಿಗೆಲ್ಲ ಕೆಮ್ಮು ಬರತೈತಿ."

ಹಿಂದಿನವರು ಬಿಟ್ಟುಹೋದ ಕ್ಯಾಲೆಂಡರ್ ತೆಗೆದರೆ ಹಿಂದೊಂದು ಕಿಂಡಿ. ಕಿಂಡಿಯಲ್ಲಿ ಎರಡು ಕಣ್ಣು.

ನಾವೇನು ಕಣ್ಣುಮುಚ್ಚಿ ಮನೆ ಕೊಂಡವರಲ್ಲ. ಧಾರವಾಡದಿಂದ ವಾಸ್ತು ಪಂಡಿತರನ್ನು ಕರೆಸಿದ್ದೆವು. ಈಶಾನ್ಯದಿಂದ ಲಕ್ಷ್ಮಿ ಬರುತ್ತಾಳೆಂದು ಹೇಳಿ, ಎರಡು ಸಲ ಚಹಾ ಕುಡಿದು ಹೋಗಿದ್ದರು. ಪಕ್ಕದ ಮನೆಯಿಂದ ಯಾರು ಬರುತ್ತಾರೆಂದು ಅವರ ಶಾಸ್ತ್ರದಲ್ಲಿ ಇರಲಿಲ್ಲ. ಹಿಂದೆ ಅಣ್ಣತಮ್ಮಂದಿರು ಒಂದೇ ಮನೆಯನ್ನು ಪಾಲು ಮಾಡಿಕೊಂಡಾಗ ಸಾರು, ಮೊಸರು ದಾಟಿಸಲು ಬಿಟ್ಟ ಕಿಂಡಿಯಂತೆ ಅದು. ಹೀಗೆ ನೀಲವ್ವ ಮನೆಯ ಜೊತೆ ನಮಗೆ ಪುಕ್ಕಟೆ ಬಂದಳು. ಎಪ್ಪತ್ತು ದಾಟಿದ ಸಣಕಲು ಮೈ; ದನಿ ಮಾತ್ರ ಪೇಟೆಯ ಹರಾಜಿನಲ್ಲಿ ಹತ್ತಿಯ ಸವಾಲು ಕೂಗುವವರದು.

ನಾನು ಶಾಂತಾಳ ಮೇಲೆ ರೇಗಿದರೆ ಗೋಡೆಯಿಂದ ತೀರ್ಪು ಬರುತ್ತಿತ್ತು: "ಮಾಸ್ತರ, ಸಾಲ್ಯಾಗಿನ ದರ್ಪ ಸಾಲ್ಯಾಗ ಬಿಟ್ಟು ಬರ್ರಿ." ಶಾಂತಾ ರೇಗಿದರೆ, "ಹಾಂಗ ಅನ್ನು, ಇನ್ನೂ ಜೋರ ಅನ್ನು!" ಕೊನೆಗೆ ಕಿಂಡಿ ಮುಚ್ಚಿಸಲು ಗೌಂಡಿಗೆ ಹೇಳಿದೆ. ಸೋಮವಾರ ಬರುತ್ತೇನೆಂದ.

ಭಾನುವಾರ ಮಗಳು ಕಾವ್ಯಾಳನ್ನು ನೋಡಲು ಸವದತ್ತಿಯಿಂದ ವರನ ಕಡೆಯವರು ಬಂದರು. ಹುಡುಗನ ತಾಯಿ ನಮ್ಮ ಹುಡುಗಿಯನ್ನು ಅರೆಗಳಿಗೆ ನೋಡಿದರು, ಮನೆಯನ್ನು ಮನಸಾರೆ ನೋಡಿದರು. ಕಂಬ ತಟ್ಟಿದರು, ಹಿತ್ತಿಲು ಸುತ್ತಿದರು, ಆಮೇಲೆ ಅಡುಗೆಮನೆಗೆ ಬಂದು ಶಾಂತಾಳಿಗೆ ಮೆಲ್ಲಗೆ ಹೇಳಿದರು: "ನಿಮಗ ಇರಾಕಿ ಒಬ್ಬಾಕಿ ಮಗಳು. ಮನಿ ಹೆಂಗೂ ಮುಂದ ನಮ್ಮ ಹುಡುಗಗ ಬರೂದು. ಈಗಿಂದೀಗ ಅವನ ಹೆಸರಿಗೆ ಮಾಡಿಬಿಟ್ರ ಛಲೋ ಅಲ್ಲೇನ್ರಿ?"

ಶಾಂತಾ ಚಹಾದ ಪಾತ್ರೆಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಸರಕಾರಿ ನೌಕರಿಯ ಹುಡುಗ. ಹೂಂ ಎನ್ನಲೂ ಆಗದು, ಊಹೂಂ ಎನ್ನಲೂ ಆಗದು.

ಊಹೂಂ ಎನ್ನುವ ಕೆಲಸವನ್ನು ಗೋಡೆ ವಹಿಸಿಕೊಂಡಿತು. "ಏನವ್ವಾ ಬೀಗತಿ, ಹುಡುಗಿ ನೋಡಾಕ ಬಂದೀಯೋ, ಮನಿ ನೋಡಾಕ ಬಂದೀಯೋ? ಮನೀನ ಬೇಕಂದ್ರ ತಗೋ. ಅದರ ಜೋಡಿ ನಾನೂ ಬರತೇನಿ. ನಿನ್ನ ಮಗ ಹೆಂಡತಿಗೆ ಒಂದು ಅಂದ್ರ ನಾ ಅವಗ ನಾಕು ಅಂತೇನಿ!"

ಆ ತಾಯಿ ಹೌಹಾರಿ ಹೊರಬಂದರು. ಚಹಾ ಕುಡಿಯದೆ ಎಲ್ಲರೂ ಎದ್ದರು. ನಮಗೆ ಸಿಟ್ಟು ಬರಬೇಕಿತ್ತು. ಆದರೆ ಕಾವ್ಯಾ ನಗತೊಡಗಿದಳು, ಶಾಂತಾಳಿಗೂ ತಡೆಯಲಾಗಲಿಲ್ಲ. ಸೋಮವಾರ ಬಂದ ಗೌಂಡಿಯಿಂದ ಬಚ್ಚಲಮೋರಿ ರಿಪೇರಿ ಮಾಡಿಸಿ ಕಳಿಸಿದೆವು.

ಮುಂದೆ ಕಾವ್ಯಾ ತಾನೇ ಮೆಚ್ಚಿದ ಕಿತ್ತೂರಿನ ಹುಡುಗನನ್ನು ಕರೆತಂದಳು. ನೀಲವ್ವ ಅವನನ್ನು ಕಿಂಡಿಯೆದುರು ಅರ್ಧ ತಾಸು ನಿಲ್ಲಿಸಿಕೊಂಡು ಪ್ರಶ್ನೆ ಕೇಳಿ, "ಇಂವಗ ಮಾತು ಬರೂದಿಲ್ಲ, ಆದ್ರ ಕೇಳಾಕ ಬರತೈತಿ. ಕೊಡ್ರಿ" ಎಂದಳು. ಕೊಟ್ಟೆವು.

ಕಳೆದ ವರ್ಷ ನೀಲವ್ವ ಮೊಣಕಾಲು ನೋವು ಹೆಚ್ಚಾಗಿ ರಾಮದುರ್ಗದ ತಂಗಿಯ ಮನೆಗೆ ಹೊರಟಳು. ಬಸ್ಸು ಹತ್ತಿಸಲು ಹೋಗಿದ್ದೆ. ಕಿಟಕಿಯಿಂದ ಕರೆದು ಹೇಳಿದಳು: "ನನ್ನ ಮನಿ ಕೊಳ್ಳಾಕ ಯಾರರ ಬಂದ್ರ, ಬಾಜೂಕ ಇರೂ ಮಂದಿ ಬಾಳ ಛಲೋ ಅಂತ ನೀವ ಹೇಳ್ರಿ ಮಾಸ್ತರ. ಸುಳ್ಳು ಹೇಳಾಕ ನನಗ ಬಾಯಿ ಬರೂದಿಲ್ಲ."

ದೀಪಾವಳಿಗೆ ಮೊದಲು ರಾಮದುರ್ಗದಿಂದ ಸುದ್ದಿ ಬಂತು. ಶಾಂತಾ ಗ್ಯಾಸ್ ಆರಿಸಿ ಹೊಸ್ತಿಲ ಮೇಲೆ ಬಂದು ಕುಳಿತಳು. ಹಾಲಿನವನು ಬಂದು, "ಯಾಕ್ರಿ ಅಕ್ಕಾರ, ಏನಾತು?" ಎಂದ.

"ನಮ್ಮ ಮನ್ಯಾಗಿನವರು ತೀರಿಕೊಂಡಾರಪಾ" ಎಂದಳು.