ದೊಡ್ಡಪ್ಪನ ಸಿಡಿಲು

ಸಿಡಿಲು ಏಕೆ ಬಿತ್ತೆಂದು ಹೇಳಬಲ್ಲವರು ಊರಿಗೆಲ್ಲ ನಮ್ಮ ದೊಡ್ಡಪ್ಪ ಒಬ್ಬರೇ. ಹಾಗೆಂದು ಅವರೇ ಹೇಳುತ್ತಾರೆ.

ಹೋದ ಬೇಸಿಗೆಯಲ್ಲಿ ಗೊಬ್ಬರವಾಗಲೆಂದು ಯಮಕನಮರಡಿ ಹತ್ತಿರದ ನಮ್ಮ ಹೊಲದಲ್ಲಿ ಕುರಿಗಾರನೊಬ್ಬನ ಕುರಿ ನಿಲ್ಲಿಸಿದ್ದೆವು. ಮಧ್ಯಾಹ್ನ ಮೋಡ ಕವಿದಾಗ ಕುರಿಗಾರ ಓಡಿ ಬಂದ.

“ಸಾವ್ಕಾರ್ರ, ಶೆಡ್ಡಿನ ಬಾಗಲಾ ತಗೀರಿ, ಕುರಿ ಒಳಗ ಹೊಡಿತೇನಿ.”

“ಒಳಗ ಹೊಸಾ ಟ್ರ್ಯಾಕ್ಟರ್ ಐತಿ, ಹೊಲಸ ಆಕೈತಿ. ಹುಣಸಿ ಗಿಡದ ಬುಡಕ ನಿಲ್ಲಸು” ಎಂದರು ದೊಡ್ಡಪ್ಪ.

ಆ ಗಿಡಕ್ಕೇ ಸಿಡಿಲು ಬಡಿಯಿತು. ಒಂಬತ್ತು ಕುರಿ ಸತ್ತವು. “ಇಂದ್ರ ವಜ್ರಾಯುಧ ಸುಮ್ನ ಒಗಿಯಾಂಗಿಲ್ಲ. ಆ ಕುರಿಗಾರ ಏನೋ ಪಾಪಾ ಮಾಡಿರ್ಬೇಕು” ಎಂದು ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟರು.

ಮರುವಾರ ನಮ್ಮ ಅಂಗಳದ ತೆಂಗಿಗೇ ಸಿಡಿಲು ಬಡಿದು ಟೀವಿಯೂ ಸುಟ್ಟಿತು. ಈಗ ಪಾಪ ಯಾರದೆಂದು ಕೇಳಿದೆ.

“ಪಾಪ ಅಲ್ಲೋ, ಪುಣ್ಯಾ! ನಮ್ಮ ಮ್ಯಾಲ ಬರೋದನ್ನ ದೇವರು ಗಿಡದ ಮ್ಯಾಲ ಹಾಕಿದ.”

ನಾಚಿಕೆ ಆ ಮುಖದ ಹತ್ತಿರವೂ ಸುಳಿಯಲಿಲ್ಲ.

ಈಗ ಹೊಸ ಟೀವಿ ಬಂದಿದೆ. ಧಾರಾವಾಹಿಯ ದುಷ್ಟನ ಮುಖದ ಮೇಲೆ ಮೂರು ಮೂರು ಸಲ ಮಿಂಚು ಹೊಳೆದಾಗ ದೊಡ್ಡಪ್ಪ, “ಎಂಥಾ ಪಾಪಿ ಅದಾನ ನೋಡು” ಎಂದು ಹಲ್ಲು ಕಡಿಯುತ್ತಾರೆ. ಹೊರಗೆ ನಿಜವಾದ ಗುಡುಗು ಶುರುವಾಗಿದೆ. ಶೆಡ್ಡಿನ ಕೀಲಿಕೈ ಅವರ ಉಡದಾರದಲ್ಲೇ ತೂಗುತ್ತಿದೆ.