ಎಂ ಪ್ಲಸ್ ಎಸ್

ಇವತ್ತು ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದ್ರೆ ಹುಲ್ಲಿನ ಮೇಲೆಲ್ಲ ಮಂಜು ಉಪ್ಪು ಚೆಲ್ಲಿದಂಗೆ ಕೂತಿತ್ತು. ಈ ಚಳಿಗಾಲದ ಮೊದಲನೇ ಮಂಜು. ಮೂಲೇಲಿ ಹಳೇ ಟೈರು, ಅದರೊಳಗೆ ನನ್ನ ಹೆಂಡ್ತಿ ಸರೋಜ ಬೆಳೆಸಿರೋ ಮೆಂತ್ಯ. ಆ ಟೈರ್ ಕಂಡ್ರೆ ನಂಗೆ ಒಂಚೂರು ನಾಚಿಕೆ. ಯಾಕೆ ಅಂತ ಹೇಳ್ತೀನಿ, ನಗಬೇಡಿ. ನಕ್ಕರೂ ಪರವಾಗಿಲ್ಲ.

ನಾನು ಸ್ಕೂಲಿಗೆ ಸೇರಿದ್ದೇ ತಡವಾಗಿ. ಇಂಗ್ಲಿಷ್ ಅಕ್ಷರ ಕಲಿತಿದ್ದು ನಮ್ಮೂರು ಹಿರಿಯೂರಿನ ಹೈವೇಲಿ, ಲಾರಿ ಹಿಂದೆ ಬರೆದಿರೋದು ಓದ್ಕೊಂಡು. ದೇವರ ಹೆಸರು, ಓನರ್ ಮಕ್ಕಳ ಹೆಸರು. ಗಾಡಿ ಅಂದ್ಮೇಲೆ ಮನೆಯವರ ಹೆಸರು ಇರ್ಬೇಕು ಅನ್ನೋದು ಆವಾಗ್ಲೇ ತಲೇಲಿ ಕೂತ್ಬಿಡ್ತು.

ಲಂಡನ್ನಿನ ಫೆಲ್ಥಮ್‌ಗೆ ಬಂದು, ಏರ್‌ಪೋರ್ಟಲ್ಲಿ ಲಗೇಜ್ ಎತ್ತೋ ಕೆಲಸ ಸಿಕ್ಕಿ, ಕಾರು ತಗೊಂಡೆ. ಹೋದ ಚಳಿಗಾಲದಲ್ಲಿ ಟೈರ್ ಬದಲಾಯಿಸೋಕೆ ಹೋದ್ರೆ, ಒಂದರ ಪಕ್ಕದಲ್ಲಿ ಉಬ್ಬಿದ ಅಕ್ಷರ ಕಾಣಿಸ್ತು: ಎಂ ಪ್ಲಸ್ ಎಸ್. ನಾನು ಮಂಜಪ್ಪ, ಆಕೆ ಸರೋಜ. ಇನ್ನೇನು ಬೇಕು? ಅಂಗಡಿಯವನು ಬೇರೆ ಟೈರಲ್ಲಿ ಏನೋ ಬೆಟ್ಟದ ಗುರುತು ತೋರಿಸ್ತಿದ್ದ. ನಾನು ಕೇಳಿಸ್ಕೊಂಡ್ರೆ ತಾನೆ. ನಾಲ್ಕೂ ಎಂ ಪ್ಲಸ್ ಎಸ್ಸೇ ಹಾಕಿಸ್ಕೊಂಡು ಬಂದೆ.

ಹಿಮ ಬಿದ್ದ ಭಾನುವಾರ ಕೆಂಟನ್‌ಗೆ, ಧಾರವಾಡದ ಕುಲಕರ್ಣಿ ಡಾಕ್ಟ್ರ ಮನೆಗೆ ಊಟಕ್ಕೆ ಹೋದ್ವಿ. ಅವರ ಮನೆ ಇಳಿಜಾರಲ್ಲಿ ಬ್ರೇಕ್ ಒತ್ತಿದೆ. ಕಾರು ನನ್ನ ಮಾತು ಕೇಳ್ಲಿಲ್ಲ. ಮೆಲ್ಲಗೆ, ಮರ್ಯಾದೆಯಿಂದ ಜಾರ್ಕೊಂಡು ಹೋಗಿ ಡಾಕ್ಟ್ರ ಬೇಲಿಗೆ ಒರಗ್ತು. ಯಾರಿಗೂ ಏನೂ ಆಗ್ಲಿಲ್ಲ. ಸರೋಜ ಚಿತ್ರಾನ್ನದ ಡಬ್ಬಿ ಎದೆಗೆ ಒತ್ಕೊಂಡು ಇಳಿದ್ಲು.

"ವಾಪಸ್ ನಾನು ಬಸ್ಸಲ್ಲಿ ಬರ್ತೀನಿ. ಮಂಜು ಬಿದ್ದ ದಿನ ಇನ್ನು ನಿಮ್ಮ ಕಾರಲ್ಲಿ ಕೂರಲ್ಲ."

"ಏನ್ ನೋಡಿ ತಗೊಂಡ್ರಿ ಈ ಟೈರ?" ಅಂತ ಡಾಕ್ಟ್ರು ಕೇಳಿದ್ರು. ಇದ್ದದ್ದು ಇದ್ದಂಗೆ ಹೇಳ್ದೆ.

ಅವರು ಗೇಟ್ ಹಿಡ್ಕೊಂಡು ನಕ್ಕರು. "ಎಂ ಅಂದ್ರ ಮಡ್, ಎಸ್ ಅಂದ್ರ ಸ್ನೋ ರೀ. ಕೆಸರು, ಹಿಮ. ಟೈರ್ ಮಾಡಿದವರು ತಾವ ಬರಕೊಂಡದ್ದು. ಹಿಮದಾಗ ಓಡಿಸಿ ಪರೀಕ್ಷೆ ಮಾಡಿದ್ದಕ್ಕ ಬೆಟ್ಟದ ಗುರುತು ಇರ್ತದ. ನೀವು ಜಾತಕ ನೋಡದ ಬರೇ ಹೆಸರು ಕೂಡಿಸೀರಿ. ಮಂಜಪ್ಪಗ ಮಂಜೇ ಕೈಕೊಡ್ತು ನೋಡ್ರಿ."

ಸರೋಜ ನಗಲಿಲ್ಲ. ಅವಳು ಬೇಲಿ ನೋಡ್ತಿದ್ಲು.

ಆ ವಾರವೇ ಬೆಟ್ಟದ ಗುರುತಿರೋ ಆಲ್-ಸೀಸನ್ ಟೈರ್ ಹಾಕಿಸ್ದೆ. ಲಂಡನ್ ಚಳಿಗೆ ಅಷ್ಟು ಸಾಕಂತೆ. ಆದ್ರೂ ಮಂಜು ಬಿದ್ದಾಗೆಲ್ಲ ಆಕೆ ಬಸ್ ಸ್ಟಾಪಲ್ಲಿ ನಡುಗ್ತಾ ನಿಂತಿರೋಳು. ಪಕ್ಕದ ಸೀಟು ಖಾಲಿ ಇಟ್ಕೊಂಡು ನಾನು ಮುಂದೆ ಹೋಗೋನು. ಹಳೇ ಟೈರು ಎಸೆಯೋಕೆ ಹೊರಟಾಗ ಮಾತ್ರ, "ಒಂದಿರ್ಲಿ, ಗಿಡಕ್ಕೆ ಬೇಕು" ಅಂದಿದ್ಲು.

ಇವತ್ತು ಆ ಟೈರಿನ ಉಬ್ಬಿದ ಅಕ್ಷರದ ಮೇಲೆ ಮಂಜು ಕೂತು, ಎಂ ಪ್ಲಸ್ ಎಸ್ ಬೆಳ್ಳಗೆ ಎದ್ದು ಕಾಣ್ತಿತ್ತು. ತಿರುಗಿದ್ರೆ ಸರೋಜ ಹಿಂದೆ ಬಂದು ನಿಂತಿದ್ಲು.

"ಗಿಡಕ್ಕೆ ಕುಂಡ ಸಿಗ್ತಿರಲಿಲ್ವಾ?" ಅಂದೆ.

"ಸಿಗ್ತಿತ್ತು. ಟೈರ್ ಅಂಗಡಿಲೂ ನನ್ನ ಹೆಸರು ಹುಡುಕಿದೋರ್ನ ಎಲ್ಲಿ ಎಸೆಯೋದು?"

ಕೋಟ್ ಹಾಕ್ಕೊಂಡು ಆಕೆ ನೇರ ಕಾರ್ ಹತ್ರ ಹೋದ್ಲು. ಬಗ್ಗಿ, ಬೆರಳಲ್ಲಿ ಮಂಜು ಒರೆಸಿ, ನಾಲ್ಕೂ ಟೈರಲ್ಲಿ ಬೆಟ್ಟ ಹುಡುಕಿದ್ಲು. ಆಮೇಲೆ ಮುಂದಿನ ಸೀಟಲ್ಲಿ ಕೂತು ಬೆಲ್ಟ್ ಎಳ್ಕೊಂಡ್ಲು.

"ನಿಧಾನ."

ಬಸ್ ಸ್ಟಾಪ್ ದಾಟುವಾಗ ನಾನು ಓರೆಗಣ್ಣಲ್ಲಿ ನೋಡ್ದೆ. ಆಕೆ ಆ ಕಡೆ ತಿರುಗಲೂ ಇಲ್ಲ.